ನಸುಕಿನಲ್ಲಿ ಹೆಸರು ಕೂಗಿಸಿದ ಅಕ್ಕೋರು

ಕಳೆದ ವಾರ ಮಾನ್ವಿಯಲ್ಲಿ ನನ್ನ ತಂಗಿಯ ಮನೆಯಲ್ಲಿದ್ದೆ. ಮುಂಜಾನೆ ಹಾಲಿನವನು ಬಂದಿರಲಿಲ್ಲ. ತಂಗಿ ಡಬ್ಬಿಯಲ್ಲಿದ್ದ ಹಾಲಿನ ಪುಡಿಯನ್ನು ನೀರಿಗೆ ಕಲಸಿ, ಚಹಾಕ್ಕೆಂದು ಒಲೆಯ ಮೇಲಿಟ್ಟು, ಅಂಗಳಕ್ಕೆ ನೀರು ಹಾಕಲು ಹೋದಳು. ಪುಡಿಯ ಹಾಲು ಬೇಗ ತಳ ಹಿಡಿಯುತ್ತದೆ. ಸಿಹಿ ಬೆರೆತ ಒಂದು ಬಗೆಯ ಸುಟ್ಟ ವಾಸನೆ ನಡುಮನೆಗೆ ಬಂತು... ಓದುತ್ತಿದ್ದ ಪತ್ರಿಕೆಯನ್ನು ಮಡಿಸಿಟ್ಟೆ. ತಂಗಿ ಓಡಿ ಬಂದು, "ಏನಣ್ಣಾ, ಎದುರಿಗೇ ಕುಂತೀದಿ, ಒಲಿ ಆರಸಾಕ ಆಗಲಿಲ್ಲೇನು?" ಎಂದಳು. ನನ್ನ ಮನಸ್ಸು ಆ ಹೊತ್ತಿಗಾಗಲೇ ರಾಯಚೂರಿಗೆ, ನನ್ನ ಮನೆಯ ಹಿಂಗೋಡೆಯ ಆಚೆಗಿರುವ ಸರಕಾರಿ ಪ್ರೌಢಶಾಲೆಗೆ, ಅಲ್ಲಿ ಒಮ್ಮೆ ಮುಖ್ಯೋಪಾಧ್ಯಾಯಿನಿಯಾಗಿದ್ದ ಒಬ್ಬ ಹೆಣ್ಣುಮಗಳ ಬಳಿಗೆ ಹೋಗಿತ್ತು.

ಮಕ್ಕಳು ಅವರನ್ನು ದೊಡ್ಡ ಅಕ್ಕೋರು ಎನ್ನುತ್ತಿದ್ದರು. ಓಣಿಯ ಜನರೂ ಹಾಗೆಯೇ ಕರೆಯುತ್ತಿದ್ದರು. ನಾನು ಮಾತ್ರ ಬಹಳ ಕಾಲ 'ಮುಖ್ಯೋಪಾಧ್ಯಾಯಿನಿಯವರೇ' ಎಂದೇ ಸಂಬೋಧಿಸಿದೆ. ನಮ್ಮಿಬ್ಬರ ನಡುವೆ ಸಲುಗೆಗೆ ಕಾರಣವಿರಲಿಲ್ಲ.

ನಾನು ನ್ಯಾಯಾಲಯದ ನೌಕರಿಯಲ್ಲಿ ಆಯುಷ್ಯ ಕಳೆದವನು. ದೇವದುರ್ಗದಲ್ಲಿ ಸೇರಿ, ಮಾನ್ವಿಯಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದೆ. ರಾಯಚೂರಿನ ಹೊರಬಡಾವಣೆಯಲ್ಲಿ ಮನೆ ಕಟ್ಟಿಸಿದಾಗ ಹಿಂದೆ ಬರೀ ಬಯಲಿತ್ತು, ಜಾಲಿಗಿಡಗಳಿದ್ದವು. ಆಮೇಲೆ ಶಾಲೆ ಬಂತು. ಶಾಲೆಯೊಂದಿಗೆ ಬಂದದ್ದನ್ನೆಲ್ಲ ನಾನು ಇಂದಿಗೂ ಒಂದೊಂದಾಗಿ ಹೇಳಬಲ್ಲೆ. ಮುಂಜಾನೆ ಮಕ್ಕಳಿಗೆಂದು ದೊಡ್ಡ ಪಾತ್ರೆಯಲ್ಲಿ ಕಾಯಿಸುವ ಪುಡಿಹಾಲಿನ ಸೀದ ವಾಸನೆ. ನನ್ನ ಕಾಂಪೌಂಡಿಗೆ ಒರಗಿಸಿಟ್ಟ ಸೈಕಲ್ಲುಗಳು. ತುಳಸಿಕಟ್ಟೆಯ ಮೇಲೆ ಬಂದು ಬೀಳುವ ಚೆಂಡು. ಪ್ರತಿಭಾ ಕಾರಂಜಿ ಹತ್ತಿರ ಬಂತೆಂದರೆ ಒಂದೇ ಜಾನಪದ ಗೀತೆಯನ್ನು ಮಧ್ಯಾಹ್ನವೆಲ್ಲ ಧ್ವನಿವರ್ಧಕದಲ್ಲಿ ಕೇಳಬೇಕಾದ ಶಿಕ್ಷೆ. ಸ್ವಾತಂತ್ರ್ಯ ದಿನಕ್ಕೆ ಊರಿನ ಗಣ್ಯರೆಂದು ಎಲ್ಲಿಂದಲೋ ಬಂದವರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ, ಗೋಡೆಗೆ ಗೋಡೆ ಹತ್ತಿದ ಮನೆಯವನಾದ ನನಗೆ ಹಿಂದಿನ ಸಾಲಿನಲ್ಲಿ, ಅದೂ ಕಾಲು ಅಲುಗಾಡುವ ಕುರ್ಚಿ. ಇವುಗಳಲ್ಲಿ ಪ್ರತಿಯೊಂದನ್ನೂ ನಾನು ಸಂಬಂಧಪಟ್ಟವರಿಗೆ ಕ್ರಮಬದ್ಧವಾಗಿ ತಿಳಿಸಿದ್ದೆ. ನನ್ನ ದೂರುಗಳಲ್ಲಿ ಒಂದೂ ಸುಳ್ಳಿರಲಿಲ್ಲ. ಇಂದೂ ಹಾಗೆಯೇ ಹೇಳುತ್ತೇನೆ.

ಎಲ್ಲಕ್ಕಿಂತ ನನ್ನನ್ನು ಕೆರಳಿಸಿದ್ದು ಸೀಟಿ. ದಸರೆ ಮುಗಿದ ಮರುವಾರದಿಂದ ಹತ್ತನೆಯ ತರಗತಿಯ ಪರೀಕ್ಷೆಯವರೆಗೆ, ದಿನವೂ ನಸುಕಿನಲ್ಲಿ, ಆ ಹೆಣ್ಣುಮಗಳು ಕೊರಳಲ್ಲಿ ಸೀಟಿ ಹಾಕಿಕೊಂಡು ಓಣಿ ಓಣಿ ತಿರುಗುತ್ತಿದ್ದರು. ಹತ್ತನೆಯ ತರಗತಿಯ ಮಗುವಿರುವ ಪ್ರತಿ ಮನೆಯ ಮುಂದೆ ನಿಂತು ಊದುವುದು. ಮಗು ದೀಪ ಹಚ್ಚಿ, ಮುಖ ತೊಳೆದು, ಹೊರಗೆ ಬಂದು ಮುಖ ತೋರಿಸಿ ಓದಲು ಕೂರುವವರೆಗೆ ಅಲ್ಲಿಂದ ಕದಲದಿರುವುದು. ಇದು ಅವರ ಪದ್ಧತಿ. ನಮ್ಮ ಹಿರಿಯರು ಬ್ರಾಹ್ಮೀ ಮುಹೂರ್ತ ಎನ್ನುತ್ತಿದ್ದ ಹೊತ್ತು ಅದು; ನಾನು ಲಿಂಗಪೂಜೆಗೆ ಕೂರುವ ಹೊತ್ತು. ಮೊದಲ ವರ್ಷವೇ ಶಾಲೆಗೆ ಹೋಗಿ ಆಕ್ಷೇಪಿಸಿದೆ.

"ನಿದ್ದಿ ಕೆಡ್ತದೇನ್ರೀ ನಿಮ್ಮದು?" ಎಂದು ಅವರು ತಲೆಯೆತ್ತದೆ ಕೇಳಿದರು.

"ನಿದ್ದಿಯಲ್ಲ, ಪೂಜೆ. ಆ ಹೊತ್ತಿಗೆ ನಾನು ಪೂಜೆಯಲ್ಲಿರುತ್ತೇನೆ."

"ಹಂಗಾರ ಎದ್ದೇ ಇರ್ತೀರಿ. ಎದ್ದಾವ್ರಿಗಿ ಸೀಟಿಯಿಂದ ಏನ್ ತ್ರಾಸ್ರೀ?"

ಅಲ್ಲಿದ್ದ ಗಣಿತದ ಮಾಸ್ತರು ಬಾಯಿಗೆ ಕರವಸ್ತ್ರ ಹಿಡಿದುಕೊಂಡರು. ನಕ್ಕದ್ದು ನನಗೆ ತಿಳಿಯಿತು. ಮನೆಗೆ ಬಂದು ಹೇಳಿದರೆ ನನ್ನ ಹೆಂಡತಿಯೂ ಅವರ ಪಕ್ಷವೇ ಆದಳು. "ಮತ್ತ ಆಕಿ ಅಂದಿದ್ರಾಗ ತಪ್ಪೇನದ? ಸಾಲಿ ಮಕ್ಕಳ ಮ್ಯಾಲ ತಕರಾರು ಮಾಡೂದು ಬಿಟ್ರ ನಿಮಗ ಬ್ಯಾರೆ ಕೆಲಸಿಲ್ಲೇನ್ರೀ?" ಎಂದಳು. ಆ ದಿನದಿಂದ ಗೋಡೆಯ ಆಚೆಗೆ ನಾನು ನೋಡುವುದನ್ನೇ ಬಿಟ್ಟೆ.

ಹೀಗೆ ಕೆಲವು ವರ್ಷ ಹೋದವು. ನನ್ನ ಮಗಳನ್ನು ಸಿರವಾರಕ್ಕೆ ಕೊಟ್ಟಿದ್ದೇವೆ. ಅಳಿಯ ಅಲ್ಲಿ ಅಕ್ಕಿ ಗಿರಣಿಯಲ್ಲಿ ಮೇಲ್ವಿಚಾರಣೆಯ ಕೆಲಸದಲ್ಲಿದ್ದಾರೆ. ಅವರ ಹಿರಿಯ ಮಗಳು ನಮ್ಮ ಮನೆಯಲ್ಲಿದ್ದುಕೊಂಡು ಊರೊಳಗಿನ ಒಂದು ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಓದುತ್ತಿದ್ದಳು. ಒಂಬತ್ತನೆಯ ತರಗತಿಯ ಕೊನೆಗೆ ಆ ಶಾಲೆಯವರು ನನ್ನನ್ನು ಕರೆಸಿದರು. ಆ ಮಧ್ಯಾಹ್ನವನ್ನು ನಾನು ಮರೆಯುವವನಲ್ಲ. ಬಿಸಿಲಿನಲ್ಲಿ ಹೋದವನಿಗೆ ಒಂದು ಲೋಟ ನೀರು ಕೊಡಲಿಲ್ಲ. ತಂಪಾದ ಕೋಣೆಯೊಳಗೆ ಕೂತಿದ್ದ ವ್ಯವಸ್ಥಾಪಕರು, ನನ್ನ ಮಗನಷ್ಟು ವಯಸ್ಸಿನವರು, ಮಾತಿಗೆ ಸಕ್ಕರೆ ಹಚ್ಚಿ ಹೇಳಿದರು: "ಹುಡುಗಿ ಗಣಿತದಲ್ಲಿ ಬಹಳ ಹಿಂದಿದ್ದಾಳೆ, ಸರ್. ಒಂಬತ್ತನೆಯದು ಪಾಸು ಮಾಡಿ ಕೊಡುತ್ತೇವೆ, ಟಿ.ಸಿ. ತೆಗೆದುಕೊಂಡುಬಿಡಿ. ನಮ್ಮದು ಪ್ರತಿ ವರ್ಷ ನೂರಕ್ಕೆ ನೂರು ಫಲಿತಾಂಶ." ನೂರಕ್ಕೆ ನೂರು ಹೇಗೆ ಬರುತ್ತದೆಂಬುದು ನನಗೆ ಆ ಕೋಣೆಯಲ್ಲಿ ತಿಳಿಯಿತು. ಹುಡುಗಿ ಬಾಗಿಲ ಹೊರಗೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಬೇರೆ ಖಾಸಗಿ ಶಾಲೆಗಳಿಗೂ ಹೋದೆ. ಅಂಕಪಟ್ಟಿ ನೋಡುವವರೆಗೆ ಎಲ್ಲರೂ ಕುರ್ಚಿ ಕೊಟ್ಟರು. ಅಷ್ಟರಲ್ಲಿ ಅಳಿಯ ಫೋನಿನಲ್ಲಿ ಮಗಳ ಮೂಲಕ ಹೇಳಿ ಕಳಿಸಿದರು: ಸಾಕು, ಸಿರವಾರಕ್ಕೆ ಕಳಿಸಿಬಿಡಿ, ಮನೆಗೆಲಸ ಕಲಿಯಲಿ, ಒಂದೆರಡು ವರ್ಷಕ್ಕೆ ವರ ನೋಡೋಣ. ಹುಡುಗಿ ಅದನ್ನು ಕೇಳಿ ಊಟ ಬಿಟ್ಟಳು. ನನ್ನ ಹೆಂಡತಿ ಮೊದಲ ಸಲ ನನ್ನ ಮುಂದೆ ಕೈಕಟ್ಟಿ ನಿಂತು, "ಹಿಂದಿನ ಸಾಲಿಗಿ ಹೋಗಿ ಬರ್ರಿ. ನನ್ನ ಸಲುವಾಗಿ ಅಲ್ಲ, ಆ ಕೂಸಿನ ಸಲುವಾಗಿ," ಎಂದಳು.

ಹೋದೆ. ಮಕ್ಕಳ ಊಟದ ಹೊತ್ತು. ದೊಡ್ಡ ಅಕ್ಕೋರು ಸಾಂಬಾರಿನ ಬಕೆಟ್ಟಿನ ಪಕ್ಕ ನಿಂತಿದ್ದರು. ನನ್ನನ್ನು ಕಂಡೂ, ಕೊನೆಯ ಮಗು ತಟ್ಟೆ ತೊಳೆಯುವವರೆಗೆ ಬೇವಿನ ಮರದ ಕೆಳಗೆ ನಿಲ್ಲಿಸಿದರು. ಆಮೇಲೆ ಒಳಗೆ ಕರೆದರು. ನಾನು ಬಂದ ಕಾರಣ ಹೇಳಿದೆ. ಇಷ್ಟು ವರ್ಷದ ನನ್ನ ತಕರಾರುಗಳನ್ನು ಅವರು ಈಗ ಒಂದೊಂದಾಗಿ ಎತ್ತುತ್ತಾರೆಂದು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದೆ. ಅವರು ಎತ್ತಲಿಲ್ಲ. ಅಂಕಪಟ್ಟಿಯನ್ನು ನೋಡಲೂ ಇಲ್ಲ.

"ಇದು ಸರಕಾರಿ ಸಾಲಿರೀ ಅಜ್ಜಾರ. ಇಲ್ಲಿ ಯಾರನ್ನೂ ತಿರುಗಿ ಕಳಸೂ ಪದ್ಧತಿಲ್ಲ. ನಾಳಿ ಹುಡುಗಿನ್ನ ಕಳಸ್ರಿ. ಆದ್ರ ಇಲ್ಲಿ ಎಲ್ಲಾ ಕನ್ನಡದಾಗ ಬರೀಬೇಕಾಗ್ತದ. ಧೈರ್ಯ ಅದ ಏನ್ ಕೇಳ್ಕೊಂಡು ಕಳಸ್ರಿ."

ನಾನು ಏಳುವಾಗ, "ದಸರಾ ಆದ ಮ್ಯಾಲ ನಿಮಗೂ ಒಂದು ಕೆಲಸ ಅದ," ಎಂದರು.

ಆ ಕೆಲಸ ಏನೆಂದು ದಸರೆಯ ನಂತರ ತಿಳಿಯಿತು. ಪಾಲಕರ ಸಭೆಯಲ್ಲಿ ಅವರು, ತಮ್ಮ ಕಾಲು ಮೊದಲಿನಂತೆ ನಡೆಯುವುದಿಲ್ಲವೆಂದೂ, ಈ ವರ್ಷ ನಸುಕಿನಲ್ಲಿ ಮಕ್ಕಳನ್ನು ಎಬ್ಬಿಸುವ ಕೆಲಸವನ್ನು ಓಣಿಗೊಬ್ಬರು ಹೊರಬೇಕೆಂದೂ ಹೇಳಿದರು. ಅದಕ್ಕೊಂದು ನಿಯಮವಿತ್ತು: ತಮ್ಮ ಮನೆಯ ಮಗುವನ್ನು ತಾವು ಎಬ್ಬಿಸುವಂತಿಲ್ಲ. "ತಮ್ಮ ಕೂಸು ಅಂದ್ರ ಕನಿಕರ ಬರ್ತದ. ಇನ್ನೊಂದೀಟು ಮಕ್ಕೊಳ್ಳಿ ಬಿಡು ಅನಸ್ತದ. ಮಂದಿ ಮಕ್ಕಳ ಮ್ಯಾಲ ಹಂಗ ಅನಸಂಗಿಲ್ಲ," ಎಂದರು. ಸಭೆ ನಕ್ಕಿತು. ನಮ್ಮ ಓಣಿಯ ಹೆಸರು ಬಂದಾಗ ಅವರು ನೇರವಾಗಿ ನನ್ನ ಕಡೆ ನೋಡಿ, "ನಮ್ಮ ಅಜ್ಜಾರು ಆ ಹೊತ್ತಿಗಿ ಎದ್ದೇ ಇರ್ತಾರ. ಅವರೇ ನನಗ ಹೇಳ್ಯಾರ," ಎಂದು ಸೀಟಿ ಮುಂದೆ ಚಾಚಿದರು. ತುಂಬಿದ ಸಭೆಯಲ್ಲಿ ನನ್ನದೇ ಆಕ್ಷೇಪಣೆಯನ್ನು ನನ್ನ ಕೊರಳಿಗೆ ಹಾಕಿದ ಆ ಅವಮಾನ... ಆದರೆ ಹುಡುಗಿ ಅವರ ಶಾಲೆಯಲ್ಲಿದ್ದಳು. ಕೆಲಸವನ್ನು ಒಪ್ಪಿಕೊಂಡೆ, ಸೀಟಿಯನ್ನು ಮುಟ್ಟಲಿಲ್ಲ. ಸೀಟಿ ಊದುವುದು ನನ್ನ ಸ್ಥಾನಕ್ಕೆ ತಕ್ಕದ್ದಾಗಿರಲಿಲ್ಲ.

ನನಗೆ ತಿಳಿದ ರೀತಿಯಲ್ಲಿ ಕೆಲಸ ಮಾಡಿದೆ. ನ್ಯಾಯಾಲಯದ ಬಾಗಿಲಲ್ಲಿ ಜವಾನನು ಪಕ್ಷಗಾರರ ಹೆಸರನ್ನು, ತಂದೆಯ ಹೆಸರು ಸೇರಿಸಿ, ಮೂರು ಬಾರಿ ಕೂಗುವ ಪದ್ಧತಿಯಿದೆ. ಅದನ್ನು ಕೇಳುತ್ತಲೇ ನನ್ನ ನೌಕರಿ ಮುಗಿದಿತ್ತು. ನಾನು ಸ್ನಾನ ಮುಗಿಸಿ, ಶಾಲು ಹೊದ್ದು, ಮೊದಲನೆಯ ಮನೆಯ ಮುಂದೆ ನಿಂತು ಸ್ಪಷ್ಟ ಧ್ವನಿಯಲ್ಲಿ ಕೂಗಿದೆ: "ಮಹೇಶ ತಂದೆ ಯಲ್ಲಪ್ಪ, ಹಾಜರ್ ಹೈ?"

ಯಲ್ಲಪ್ಪ ಆಟೋ ಓಡಿಸುವವರು. ಹಿಂದೆಂದೋ ಒಂದು ಎಮ್ಮೆಗೆ ಆಟೋ ತಾಗಿಸಿ, ಆ ಪ್ರಕರಣದ ತಾರೀಖುಗಳಿಗೆ ಹೋಗದೆ ತಪ್ಪಿಸಿಕೊಂಡಿದ್ದರಂತೆ. ನನಗದು ಗೊತ್ತಿರಲಿಲ್ಲ. ಮೂರನೆಯ ಬಾರಿ ಕೂಗುವಷ್ಟರಲ್ಲಿ ಹಿತ್ತಿಲ ಕಡೆ ಏನೋ ಧೊಪ್ಪೆಂದು ಬಿದ್ದ ಸದ್ದಾಯಿತು. ಅವರ ಹೆಂಡತಿ ಸೆರಗು ಹೊದ್ದು ಬಾಗಿಲಿಗೆ ಬಂದು ಕೈಮುಗಿದು, "ಯಪ್ಪಾ, ನಮ್ಮ ಮನಿಯವ್ರು ಊರಾಗಿಲ್ರೀ. ದೇವದುರ್ಗಕ್ಕ ಹೋಗ್ಯಾರ, ಯಾವಾಗ ಬರ್ತಾರೋ ಗೊತ್ತಿಲ್ಲ," ಎಂದರು. ಹಿಂದಿನಿಂದ ಮಹೇಶ ಕಣ್ಣುಜ್ಜುತ್ತ ಬಂದು, "ಯವ್ವಾ, ಅಪ್ಪ ಈಗ ಗೋಡಿ ಹಾರಿ ಸಾಲಿ ಫೀಲ್ಡಿಗಿ ಬಿದ್ದಾನ," ಎಂದ.

ಶಾಲೆ ಆರಂಭವಾಗುವುದರೊಳಗೆ ಸುದ್ದಿ ಮುಟ್ಟಿತ್ತು. ದೊಡ್ಡ ಅಕ್ಕೋರು ಗೋಡೆಯ ಆಚೆಯಿಂದಲೇ ಕೂಗಿ ಕರೆದರು. "ಅಜ್ಜಾರ, ನಿಮಗ ಮಕ್ಕಳನ್ನ ಎಬ್ಸಾಕ ಹೇಳಿದ್ರ ನೀವು ಅಪ್ಪಗೋಳ್ನ ಓಡ್ಸಾಕತ್ತೀರಲ್ರೀ." ಆಮೇಲೆ ನಕ್ಕರು. ಆ ನಗೆಯಲ್ಲಿ ಅವಹೇಳನವಿತ್ತೋ ಇಲ್ಲವೋ ಎಂದು ನಾನು ಬಹಳ ಯೋಚಿಸಿದ್ದೇನೆ... ಇರಲಿಲ್ಲವೆಂದೇ ಈಗ ತೋರುತ್ತದೆ. ಕೂಗುವ ಪದ್ಧತಿಯನ್ನು ನಾನು ಬದಲಿಸಲಿಲ್ಲ. ಮಕ್ಕಳಿಗೆ ಅದು ರುಚಿಸಿತು. ಒಳಗಿನಿಂದಲೇ "ಹಾಜರ್ ಹೈ ಸಾಹೇಬ್ರ" ಎಂದು ಕೂಗಿ ದೀಪ ಹಚ್ಚುತ್ತಿದ್ದರು.

ನನ್ನ ಮೊಮ್ಮಗಳನ್ನು ಎಬ್ಬಿಸಲು ಬರುತ್ತಿದ್ದವರು ಓಣಿಯ ತುದಿಯ ಟೇಲರ್ ಮನೆಯ ತಾಯಿ. ನಸುಕಿನ ನಮಾಜು ಮುಗಿಸಿ ನೇರವಾಗಿ ನಮ್ಮ ಕಿಟಕಿಗೆ ಬಂದು ಸರಳು ಬಡಿಯುತ್ತಿದ್ದರು. "ಏಳ್ ಬೇಟಾ, ನಿನ್ನ ಕನಸು ಎಲ್ಲೂ ಓಡಿ ಹೋಗಂಗಿಲ್ಲ, ಪರೀಕ್ಷಿ ಓಡಿ ಬರಾಕತ್ತದ." ಅವರ ಮಗಳನ್ನು ನಾನು ಎಬ್ಬಿಸುತ್ತಿದ್ದೆ. ಸಂಜೆ ಗುಂಪು ಓದಿಗೆ ನನ್ನ ಮುಂಗೋಣೆ ನಿಗದಿಯಾಯಿತು. ಕನ್ನಡದಲ್ಲಿ ವಿಜ್ಞಾನ ಬರೆಯಲು ಒದ್ದಾಡುತ್ತಿದ್ದ ಮೊಮ್ಮಗಳಿಗೆ ಟೇಲರ್ ಮನೆಯ ಹುಡುಗಿ ಪದಗಳನ್ನು ಹೇಳಿಕೊಡುತ್ತಿದ್ದಳು. ಇವಳು ಅವಳಿಗೆ ಇಂಗ್ಲಿಷ್ ವ್ಯಾಕರಣ ಹೇಳುತ್ತಿದ್ದಳು. ದೊಡ್ಡ ಅಕ್ಕೋರು ಯಾವುದೋ ಹೊತ್ತಿಗೆ ಸ್ಕೂಟಿಯಲ್ಲಿ ಬಂದು, ಒಳಗೆ ಬಾರದೆ, ಹೊರಗೆ ಬಿಟ್ಟ ಚಪ್ಪಲಿಗಳನ್ನು ನೋಡುತ್ತಿದ್ದರು. ಯಾರ ಚಪ್ಪಲಿ ಇಲ್ಲವೆಂದು ಅವರಿಗೆ ನೋಟದಲ್ಲೇ ತಿಳಿಯುತ್ತಿತ್ತು. ನಾವು ಒಳಗೆ ಕರೆದರೆ, "ಒಳಗ ಬಂದ್ರ ಚಾ ಕೊಡ್ತೀರಿ, ಚಾ ಕುಡಿದ್ರ ಮಾತು ಬೆಳಿತಾವ," ಎಂದು ಹೊರಟುಬಿಡುತ್ತಿದ್ದರು. ಅವರ ಪಾದಗಳು ಚಪ್ಪಲಿಯ ಪಟ್ಟಿಯನ್ನು ಮೀರಿ ಬಾತಿದ್ದುದನ್ನು ನಾನು ಗಮನಿಸಿದ್ದೆ. ಕೇಳಿದರೆ ವಯಸ್ಸು ಎಂದಿದ್ದರು.

ಫೆಬ್ರುವರಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಮೊಮ್ಮಗಳು ಗಣಿತದಲ್ಲಿ ಅನುತ್ತೀರ್ಣಳಾದಳು. ಮರುದಿನವೇ ಅಳಿಯ ಸಿರವಾರದ ಬಸ್ಸಿಗೆ ಬಂದರು. ಮಕ್ಕಳು ಓದುತ್ತ ಕೂತಿದ್ದ ಕೋಣೆಯಲ್ಲೇ, "ಬಟ್ಟಿ ತುಂಬ್ಕೋ," ಎಂದು ಮಗಳಿಗೆ ಹೇಳಿದರು. ನಾನು ಹಿರಿಯನಾಗಿ ಆಡಬೇಕಾದ ಮಾತುಗಳನ್ನೆಲ್ಲ ಆಡಿದೆ. ಅವರು ತಲೆ ತಗ್ಗಿಸಿ ಕೇಳಿಕೊಂಡರು, ಚೀಲವನ್ನು ಮಾತ್ರ ಕೆಳಗಿಡಲಿಲ್ಲ. ನನ್ನ ಹೆಂಡತಿ ಹಿತ್ತಿಲ ಬಾಗಿಲಿನಿಂದ ಶಾಲೆಗೆ ಹೋದದ್ದನ್ನು ನಾನು ನೋಡಿರಲಿಲ್ಲ. ತಂದೆ ಮಗಳು ಅಂಗಳ ಇಳಿಯುವಷ್ಟರಲ್ಲಿ ದೊಡ್ಡ ಅಕ್ಕೋರು ಗೇಟಿನ ಅಡ್ಡ ಸ್ಕೂಟಿ ನಿಲ್ಲಿಸಿದ್ದರು.

"ಎಲ್ಲಿಗ್ರೀ ಯಜಮಾನ್ರ?"

"ಕರ್ಕೊಂಡು ಹೊಂಟೀನ್ರೀ ಅಕ್ಕೋರೆ. ಹೆಂಗೂ ಪಾಸಾಗಂಗಿಲ್ಲ. ನಪಾಸಾಗಿ ಮಂದಿ ಬಾಯಿಗಿ ಬೀಳೂದ್ಕಿಂತ..."

"ನೀವು ಗಿರಣ್ಯಾಗ ಇರೂದಲ್ರೀ? ಭತ್ತ ಹಸಿ ಬಂದ್ರ ಏನ್ ಮಾಡ್ತೀರಿ?"

ಅಳಿಯ ಗಲಿಬಿಲಿಗೊಂಡರು. "ಒಣಗಸ್ತೀವ್ರಿ."

"ಚೆಲ್ಲಂಗಿಲ್ಲ?"

"ಚೆಲ್ಲೂದ್ಯಾಕ್ರೀ? ಬಿಸಲಿಗಿ ಹಾಕಿ ಕೈಯಾಡಿಸಿದ್ರ ಒಣಗ್ತದ."

"ಮತ್ತ ನನ್ನ ಅಂಗಳದಾಗ ಒಣಗಾಕ ಹಾಕಿದ್ದನ್ನ ನೀವ್ಯಾಕ ಎತ್ಕೊಂಡು ಹೊಂಟೀರಿ? ಪರೀಕ್ಷಿ ಮುಗೀತನಕ ಈಕಿ ನನ್ನಾಕಿ. ಮುಗಿದ ಮ್ಯಾಲ ನಿಮ್ಮಾಕಿ. ಚೀಲ ಒಳಗಿಡ್ರಿ, ಚಾ ಕುಡ್ದು ಬಸ್ಸಿಗಿ ಹೋಗ್ರಿ."

ಅಳಿಯ ಚಹಾ ಕುಡಿದು ಒಬ್ಬರೇ ಬಸ್ಸಿಗೆ ಹೋದರು. ಆ ದಿನ ಅವರು ನನ್ನ ಮಾತಿಗೆ ನಿಲ್ಲದೆ ಅಕ್ಕೋರ ಮಾತಿಗೆ ನಿಂತದ್ದನ್ನು ನಾನು ಗಮನಿಸದೇ ಇರಲಿಲ್ಲ.

ಅಂದಿನಿಂದ ಹುಡುಗಿಯನ್ನು ದಿನವೂ ಶಾಲೆ ಬಿಟ್ಟ ಮೇಲೆ ತಮ್ಮ ಮೇಜಿನ ಪಕ್ಕ ಕೂರಿಸಿಕೊಂಡರು. ಇಡೀ ಗಣಿತ ಬೇಡ; ರಚನೆ, ನಕ್ಷೆ, ಒಂದೆರಡು ಪ್ರಮೇಯ, ತಪ್ಪದೆ ಬರುವ ಲೆಕ್ಕಗಳು, ಅಷ್ಟೇ. ಅದನ್ನು ಶಿಕ್ಷಕರು ಪಾಸಿಂಗ್ ಪ್ಯಾಕೇಜ್ ಎನ್ನುತ್ತಾರೆ. ನನಗೆ ಅದು ಸರಿ ಕಾಣಲಿಲ್ಲ. ಗೋಡೆಯ ಬಳಿ ನಿಲ್ಲಿಸಿ ಕೇಳಿದೆ, ಇದನ್ನು ವಿದ್ಯೆ ಎನ್ನಬಹುದೇ ಎಂದು. ಅವರಿಗೆ ಸಿಟ್ಟು ಬಂದದ್ದನ್ನು ನಾನು ಕಂಡದ್ದು ಆಗೊಮ್ಮೆ ಮಾತ್ರ.

"ವಿದ್ಯಾ ನೀವು ಆಕಿಗಿ ಪಿಯುಸಿದಾಗ ಕೊಡ್ರಿ ಅಜ್ಜಾರ. ಬ್ಯಾಡ ಅಂದಾವ್ರ್ಯಾರು? ಮೊದ್ಲು ಆಕಿ ಅಲ್ಲೀತನಕ ಹೋಗ್ಲಿ."

ನನ್ನಲ್ಲಿ ಉತ್ತರವಿತ್ತು, ಆದರೆ ಅವರು ಗೋಡೆಗೆ ಕೈಯೂರಿ ಉಸಿರು ತೆಗೆದುಕೊಳ್ಳುತ್ತಿದ್ದರು.

ಫಲಿತಾಂಶದ ದಿನ ನಮ್ಮ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಟೇಲರ್ ಮನೆಯವರು, ಯಲ್ಲಪ್ಪನ ಮನೆಯವರು ಎಲ್ಲರೂ ನಮ್ಮ ಅಂಗಳದಲ್ಲೇ ಇದ್ದರು. ಮಹೇಶನ ಕೈಯಲ್ಲಿ ಮೊಬೈಲು. ಒಬ್ಬೊಬ್ಬರದೇ ಸಂಖ್ಯೆ ಒತ್ತಿ ನೋಡುವುದು, ಅದು ಸುತ್ತುತ್ತಲೇ ಇರುವುದು... ಮೊಮ್ಮಗಳು ದೇವರ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಳು. ಮಹೇಶ ಕೊನೆಗೆ ಅವಳ ಸಂಖ್ಯೆ ಒತ್ತಿದ. ಮೆಲ್ಲಗೆ, "ಗಣಿತ ನಲವತ್ತೊಂದು," ಎಂದ. ನನ್ನ ಹೆಂಡತಿ ದೇವರ ಕೋಣೆಯ ಬಾಗಿಲು ಬಡಿಯಲು ಓಡಿದಳು. ಅಷ್ಟು ತಿಂಗಳು ನನ್ನ ಎದೆಯ ಮೇಲೆ ಕೂತಿದ್ದುದು ಎದ್ದು ಹೋದದ್ದು ನನಗೆ ಮೈಯಲ್ಲಿಯೇ ತಿಳಿಯಿತು. ಗಟ್ಟಿಯಾಗಿ ಉಸಿರು ಬಿಟ್ಟೆ. ನ್ಯಾಯಾಲಯದಲ್ಲಿ ಎಷ್ಟೋ ಜನ ತೀರ್ಪು ಕೇಳಿ ಹಾಗೆ ಉಸಿರು ಬಿಡುವುದನ್ನು ನೋಡಿದ್ದೆ. ಅದು ಹೇಗಿರುತ್ತದೆಂಬುದು ಗೊತ್ತಿರಲಿಲ್ಲ.

ಪೇಡೆ ತೆಗೆದುಕೊಂಡು ಶಾಲೆಗೆ ಹೋದೆ. ದೊಡ್ಡ ಅಕ್ಕೋರು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಹಾಲು ಕಾಯಿಸುವ ಹೆಣ್ಣುಮಗಳಿಗೆ ಕೊಟ್ಟರು. ನನಗೆ ಒಂದು ಒಳ್ಳೆಯ ಮಾತು ಹೇಳಿಯಾರೆಂದು ನಿಂತಿದ್ದೆ. "ನಾಳಿಂದ ಆರಾಮ ಪೂಜಿ ಮಾಡ್ರಿ," ಎಂದರು. ಅಷ್ಟೇ.

ಆ ಬೇಸಿಗೆಯಲ್ಲೇ ಅವರು ತಮ್ಮ ಊರಾದ ದೇವದುರ್ಗಕ್ಕೆ ವರ್ಗ ಮಾಡಿಸಿಕೊಂಡರು. ಬೀಳ್ಕೊಡುಗೆ ಬೇಡವೆಂದರಂತೆ. ಮರುವರ್ಷ ದೀಪಾವಳಿಯ ಸುಮಾರಿಗೆ ಟೇಲರ್ ಮನೆಯ ತಾಯಿ ಕಿಟಕಿಯಲ್ಲಿ ನಿಂತು ದೊಡ್ಡ ಅಕ್ಕೋರು ತೀರಿಕೊಂಡ ಸುದ್ದಿ ಹೇಳಿದರು. ಮೂತ್ರಪಿಂಡದ ಕಾಯಿಲೆ ಬಹಳ ದಿನದಿಂದ ಇತ್ತಂತೆ. ನಮ್ಮ ಓಣಿಯಲ್ಲಿ ಚಪ್ಪಲಿ ನೋಡುತ್ತ ತಿರುಗುತ್ತಿದ್ದ ಆ ವರ್ಷ, ರಜೆ ಸಿಕ್ಕಾಗಲೆಲ್ಲ ಹೈದರಾಬಾದಿಗೆ ಹೋಗಿ ಚಿಕಿತ್ಸೆ ತೆಗೆದುಕೊಂಡು ಬರುತ್ತಿದ್ದರಂತೆ. ಹೇಳಿದ್ದರೆ ನಾನೇನು ಅವರ ಕಾಲು ಗುಣ ಮಾಡುತ್ತಿದ್ದೆನೇ? ಇಲ್ಲ. ಆದರೆ ಗೋಡೆಗೆ ಗೋಡೆ ಹತ್ತಿದ ಮನೆಯವನಿಗೆ ಹೇಳಬೇಕಾಗಿತ್ತು. ಅವರು ನನಗೆ ಮಾಡಿದ ಅವಮಾನಗಳಲ್ಲಿ ನಾನು ಮನ್ನಿಸದೇ ಉಳಿದದ್ದು ಅದೊಂದೇ.

ಮೊಮ್ಮಗಳು ಈಗ ಪದವಿಯ ಕೊನೆಯ ವರ್ಷದಲ್ಲಿದ್ದಾಳೆ. ವರ ನೋಡುವ ಮಾತನ್ನು ಈಗ ಅಳಿಯನೂ ಎತ್ತುವುದಿಲ್ಲ. ನಾನು ಮಾನ್ವಿಯಿಂದ ಹಿಂದಿರುಗಿದ ಮರುದಿನ ಅವರು ತಮ್ಮ ಕಿರಿಯ ಮಗಳನ್ನು ಕರೆದುಕೊಂಡು ಬಂದರು. ಎಂಟನೆಯ ತರಗತಿಗೆ, ನಮ್ಮ ಹಿಂದಿನ ಶಾಲೆಗೇ, ಯಾರೂ ಹೇಳದೆ. ಸೇರಿಸಲು ನಾನೇ ಹೋದೆ. ಈಗಿನ ಮುಖ್ಯೋಪಾಧ್ಯಾಯರು ಚಿಕ್ಕ ವಯಸ್ಸಿನವರು, ವಿನಯವಂತರು. ಎದ್ದು ನಿಂತು ಒಳ್ಳೆಯ ಕುರ್ಚಿಯನ್ನೇ ಕೊಟ್ಟರು. ಕೆಲಸ ಮುಗಿದ ಮೇಲೆ ಮಾತಿಗೆಂದು ಕೇಳಿದರು:

"ಮೊದ್ಲಿದ್ದ ಮೇಡಂ ನಿಮಗ ಪರಿಚಯ ಇದ್ರೇನ್ರೀ ಸರ್?"

"ನಮ್ಮಿಬ್ಬರಿಗೂ ಜಗಳವಿತ್ತು," ಎಂದೆ.

ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ನನಗೆ ಸಮಾಧಾನ ಹೇಳುವ ಉದ್ದೇಶದಿಂದಲೇ ಇರಬೇಕು, "ಹೋಗ್ಲಿ ಬಿಡ್ರಿ ಸರ್, ಈಗ ಅವರೇ ಇಲ್ಲಲ್ಲ," ಎಂದರು.

ಹುಡುಗಿ ತರಗತಿಯೊಳಗೆ ಹೋಗಿ ಕೂತದ್ದನ್ನು ಕಿಟಕಿಯಿಂದ ನೋಡಿಕೊಂಡು ಮನೆಗೆ ಬಂದೆ. ಆ ಯುವಕರ ಮೇಲೆ ನನಗೆ ದ್ವೇಷವಿಲ್ಲ. ಆದರೆ ಅವರು ಆಡಿದ ಆ ಮಾತನ್ನು ನಾನು ಮರೆಯುವವನಲ್ಲ.